ಡರ್ಬಿ ಓಡುತ್ತದಾ ಅಂತ ಕೇಳಿದ್ದಿರಿ

ನ್ಯೂಮಾರ್ಕೆಟ್, ಇಂಗ್ಲೆಂಡ್, ನವೆಂಬರ್

ಪ್ರೀತಿಯ ಚಿಕ್ಕಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ, ಬೆಳಗಿನ ಕೆಲಸವೆಲ್ಲ ಕತ್ತಲಲ್ಲೇ. ನಾನು ನೋಡಿಕೊಳ್ಳುವ ಎರಡು ವರ್ಷದ ಕಂದು ಕುದುರೆ ಮುಂದಿನ ವರ್ಷ ಡರ್ಬಿ (ಮೂರು ವರ್ಷದ ಕುದುರೆಗಳ ಒಂದೂವರೆ ಮೈಲಿಯ ದೊಡ್ಡ ರೇಸ್) ಓಡುತ್ತದಾ ಅಂತ ಕೇಳಿದ್ದಿರಿ. ಒಂದು ರೇಸ್ ಗೆದ್ದಿದ್ದು ಕೇಳಿ ಆಸೆ ಬಂತು ಅಲ್ವಾ? ಆ ಗೆಲುವನ್ನು ಸ್ವಲ್ಪ ಪಕ್ಕಕ್ಕಿಡಿ.

ಇದುವರೆಗೆ ಮೂರು ಸಲ ಓಡಿದೆ. ಜುಲೈನಲ್ಲಿ ಆರು ಫರ್ಲಾಂಗ್ (ಎಂಟು ಫರ್ಲಾಂಗ್ ಅಂದರೆ ಒಂದು ಮೈಲಿ), ಗೇಟಿನಿಂದ ತಡವಾಗಿ ಹೊರಟು, ಅತ್ತಿತ್ತ ನೋಡುತ್ತಾ ಓಡಿ ಆರನೆಯದಾಯಿತು. ಮೊದಲ ಓಟ ಹಾಗೇ ಇರುತ್ತದೆ ಬಿಡಿ. ಆಮೇಲೆ ಏಳು ಫರ್ಲಾಂಗ್ ಗೆದ್ದಿತು. ಆದರೆ ಓಡಿದ್ದೇ ಐದು ಕುದುರೆ. ಯಾರೂ ವೇಗ ಹಾಕಲಿಲ್ಲ. ಟೈಮ್ ತೀರಾ ಸಾಧಾರಣ. ಅದರ ಹಿಂದೆ ಬಂದ ನಾಲ್ಕರಲ್ಲಿ ಒಂದೂ ಇನ್ನೂ ಗೆದ್ದಿಲ್ಲ.

ನನಗೆ ಇಷ್ಟವಾಗಿದ್ದು ಅಕ್ಟೋಬರ್‌ನಲ್ಲಿ ಸೋತ ಓಟ. ಇಲ್ಲಿನ ರೌಲಿ ಮೈಲ್ ಟ್ರ್ಯಾಕ್ ನೇರವಾಗಿದೆ, ಸಮತಟ್ಟಾಗಿಲ್ಲ. ಮುಕ್ತಾಯದ ಗೆರೆಗೆ ಸುಮಾರು ಒಂದು ಫರ್ಲಾಂಗ್ ಇರುವಾಗ ಇಳಿಜಾರು ಮುಗಿದು ತಗ್ಗು ಬರುತ್ತದೆ. ಅದನ್ನು ಡಿಪ್ ಅಂತಾರೆ. ಅಲ್ಲಿಂದ ಗೆರೆಯವರೆಗೂ ಏರು. ನಮ್ಮ ಕುದುರೆ ಇಳಿಜಾರಿನಲ್ಲಿ ಆಯ ತಪ್ಪಿ ಎಡಕ್ಕೆ ವಾಲಿತು. ಜಾಕಿ ಚಾಟಿ ಎತ್ತಲಿಲ್ಲ, ಲಗಾಮು ಬಿಗಿ ಹಿಡಿದು ನೆಟ್ಟಗೆ ಮಾಡಿದ. ಏರು ಸಿಕ್ಕಿದ್ದೇ ತಡ, ತಲೆ ತಗ್ಗಿಸಿ, ಹೆಜ್ಜೆ ಉದ್ದ ಮಾಡಿ, ಮುಂದಿದ್ದವನ್ನು ಒಂದೊಂದಾಗಿ ಹಿಡಿಯತೊಡಗಿತು. ಗೆದ್ದ ಕುದುರೆಗಿಂತ ಎರಡು ಲೆಂತ್, ಅಂದರೆ ಎರಡು ಕುದುರೆಯುದ್ದ ಹಿಂದೆ, ಮೂರನೆಯದಾಗಿ ಬಂತು. ಗೆರೆ ದಾಟಿದ ಮೇಲೂ ನಿಲ್ಲಿಸೋಕೆ ಜಾಕಿ ಪಾಡುಪಟ್ಟ. ಇದಕ್ಕೆ ದೂರ ಸಾಲದು ಅಂತ ನನಗೆ ಆಗಲೇ ಅನ್ನಿಸಿತು.

ಮೈಕಟ್ಟೂ ಹಾಗೇ ಇದೆ. ಸೊಂಟ ಇನ್ನೂ ಹೆಗಲಿಗಿಂತ ಎತ್ತರ, ಅಂದರೆ ಬೆಳೆಯುವುದು ಬಾಕಿ ಇದೆ. ಹುಟ್ಟಿದ್ದೂ ಮೇ ಕೊನೆಯಲ್ಲಿ. ಇಲ್ಲಿ ಜನವರಿ 1ಕ್ಕೆ ಎಲ್ಲ ಕುದುರೆಗೂ ಒಟ್ಟಿಗೇ ಒಂದು ವಯಸ್ಸು ಏರುತ್ತದೆ. ಹಾಗಾಗಿ ಫೆಬ್ರವರಿಯಲ್ಲಿ ಹುಟ್ಟಿ ಬಲಿತ ಕುದುರೆಗಳ ಜೊತೆ ಇದು ಓಡಬೇಕು. ತಾಯಿಯ ಕಡೆಯವು ಒಂದೂವರೆ ಮೈಲಿ ಓಡಿದವು, ನಿಧಾನವಾಗಿ ಬಲಿಯುವ ವಂಶ.

ಈಗ ಹ್ಯಾಂಡಿಕ್ಯಾಪರ್, ಅಂದರೆ ಕುದುರೆಗಳ ಸಾಮರ್ಥ್ಯಕ್ಕೆ ಅಂಕ ಕೊಡುವ ಅಧಿಕಾರಿ, ಇದಕ್ಕೆ 82 ಕೊಟ್ಟಿದ್ದಾರೆ. ಹ್ಯಾಂಡಿಕ್ಯಾಪ್ ರೇಸ್‌ಗಳಲ್ಲಿ ಹೆಚ್ಚು ಅಂಕದ ಕುದುರೆ ಹೆಚ್ಚು ತೂಕ ಹೊರಬೇಕು; ಒಂದು ಅಂಕಕ್ಕೆ ಬೆನ್ನ ಮೇಲೆ ಒಂದು ಪೌಂಡ್ ತೂಕ ಅನ್ನೋದು ಇಲ್ಲಿನ ಲೆಕ್ಕ. ಡರ್ಬಿ ಗೆಲ್ಲುವವು 120ರ ಆಸುಪಾಸಿನಲ್ಲಿ ಇರುತ್ತವೆ. ಚಳಿಗಾಲ ಕಳೆದ ಮೇಲೆ ನಮ್ಮದು ಹತ್ತು ಹನ್ನೆರಡು ಅಂಕ ಏರಿದರೆ ನನಗೆ ಆಶ್ಚರ್ಯವಿಲ್ಲ. 120 ಮುಟ್ಟುತ್ತದೆ ಅನ್ನೋದು ಬರೀ ಮಾತು. ಸೀ ದ ಸ್ಟಾರ್ಸ್ ಅನ್ನೋ ಕುದುರೆ ಕೂಡ ಮೊದಲ ಓಟ ಸೋತು, 2009ರಲ್ಲಿ ಗಿನೀಸ್ (ಇಲ್ಲಿನ ಒಂದು ಮೈಲಿಯ ದೊಡ್ಡ ರೇಸ್), ಡರ್ಬಿ ಎರಡೂ ಗೆದ್ದಿತಲ್ಲ ಅಂತ ಇಲ್ಲಿ ಪ್ರತಿ ಮಾಲೀಕರೂ ಹೇಳ್ತಾರೆ. ಅಂಥದ್ದು ಎಷ್ಟು ವರ್ಷಕ್ಕೊಂದು ಬರುತ್ತದೆ ಹೇಳಿ.

ಏಪ್ರಿಲ್‌ನಲ್ಲಿ ಹತ್ತು ಫರ್ಲಾಂಗಿನ ಹ್ಯಾಂಡಿಕ್ಯಾಪ್‌ಗೆ ಇಳಿಸುವ ಮಾತು ನಡೆದಿದೆ. ನನ್ನ ಪ್ರಕಾರ ಅದೇ ಸರಿಯಾದ ದೂರ, ಅಲ್ಲಿ ಗೆಲ್ಲುತ್ತದೆ ಅಂತಲೂ ನಂಬಿಕೆ ಇದೆ. ಅಲ್ಲಿಯವರೆಗೆ ನಿಮ್ಮ ಗೆಳೆಯರ ಹತ್ತಿರ ಡರ್ಬಿ ಅಂತ ಜಾಸ್ತಿ ಹೇಳ್ಕೊಂಡು ತಿರುಗಬೇಡಿ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ ಮಗ