ಸರಣಿಯನ್ನು ಮೊದಲು ನೀನೇ ಓದು

ಶಿಡ್ಲಘಟ್ಟ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಪ್ರೋಟೀನ್ ಸರಪಳಿಯ ಕೊಂಡಿಗಳಾದ ಅಮೈನೊ ಆಮ್ಲಗಳ ಸರಣಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಪ್ರೋಟೀನಿನ ಆಕಾರ ಸಿಕ್ಕಿಬಿಡುತ್ತದೆ, ಇನ್ನು 20 ಆಮ್ಲಗಳ ಗುಣ ಕಲಿಯುವುದೇಕೆ ಎಂದು ಕೇಳಿದ್ದೀಯೆ. ಹಾಗೆ ಆಕಾರ ಊಹಿಸುವ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ವ್ಯವಸ್ಥೆ ದೊಡ್ಡ ಸಾಧನೆ. ಅದನ್ನು ರೂಪಿಸಿದವರಿಗೆ 2024ರ ನೊಬೆಲ್‌ನಲ್ಲಿ ಪಾಲು ಸಂದಾಗ ನನಗೂ ಹಿಗ್ಗಾಯಿತು. ಆದರೆ ಅದು ತೋರಿಸುವುದು ಆಕಾರವನ್ನು. ಆ ಆಕಾರ ಏಕೆ ಬಂತು ಎಂಬುದನ್ನು ನೀನೇ ಕಾಣಬೇಕು.

ನಮ್ಮ ಮನೆಗೆ ಅನ್ನ ಕೊಟ್ಟದ್ದು ರೇಷ್ಮೆ. ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಗೂಡಿನ ಅಂಟು ಸಡಿಲವಾಗಿ, ಎಳೆ ಮಾತ್ರ ಗಟ್ಟಿಯಾಗಿ ಮೇಲೇಳುವುದನ್ನು ಚಿಕ್ಕಂದಿನಿಂದ ನೋಡಿದವಳು ನೀನು. ಅಂಟೂ ಪ್ರೋಟೀನೇ, ಎಳೆಯೂ ಪ್ರೋಟೀನೇ. ಅಂಟಾದ ಸೆರಿಸಿನ್‌ನಲ್ಲಿ ನೀರಿಗೆ ಒಲಿಯುವ ಸೆರೀನ್ ಎಂಬ ಆಮ್ಲ ಹೇರಳ. ಎಳೆಯಾದ ಫೈಬ್ರಾಯಿನ್‌ನಲ್ಲಿ ಗ್ಲೈಸೀನ್, ಅಲನೀನ್, ಗ್ಲೈಸೀನ್, ಅಲನೀನ್, ಗ್ಲೈಸೀನ್, ಸೆರೀನ್ ಎಂಬ ಆರರ ಸಾಲು ಮತ್ತೆ ಮತ್ತೆ ಬರುತ್ತದೆ. ಒಂದು ಬಿಟ್ಟು ಒಂದು ಗ್ಲೈಸೀನ್. ಪ್ರತಿ ಆಮ್ಲಕ್ಕೂ ಸರಪಳಿಯಿಂದ ಹೊರಚಾಚುವ ಒಂದು ಕವಲಿರುತ್ತದೆ; ಗ್ಲೈಸೀನಿನ ಕವಲೆಂದರೆ ಬರೀ ಒಂದು ಹೈಡ್ರೋಜನ್. ಸರಪಳಿ ಚಾಚಿಕೊಂಡಾಗ ಅಕ್ಕಪಕ್ಕದ ಕವಲುಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಹಾಗಾಗಿ ಗ್ಲೈಸೀನ್‌ಗಳೆಲ್ಲ ಒಂದು ಮಗ್ಗುಲಿಗೆ, ಅಲನೀನ್ ಮತ್ತು ಸೆರೀನ್ ಇನ್ನೊಂದು ಮಗ್ಗುಲಿಗೆ. ಅಡ್ಡ ಬರುವ ದಪ್ಪ ಕವಲು ಇಲ್ಲದ್ದರಿಂದ ಸರಪಳಿಗಳು ಅಕ್ಕಪಕ್ಕ ಜೋಡಿಕೊಂಡು ಬೀಟಾ ಹಾಳೆಗಳಾಗಿ, ಹಾಳೆಯ ಮೇಲೆ ಹಾಳೆ ಒತ್ತಿ ಕೂರುತ್ತವೆ. ಬಿಸಿನೀರಿಗೂ ಅಲ್ಲಿ ನುಸುಳಲು ಎಡೆಯಿಲ್ಲ. ಎಳೆಯ ಬಲವೆಲ್ಲ ಆ ಆರರ ಸಾಲಿನಲ್ಲೇ ಬರೆದಿದೆಯಲ್ಲ ಎಂದು ನೆನೆದರೆ ಈ ವಯಸ್ಸಿನಲ್ಲೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಮಾತು. ಇದೇ ಫೈಬ್ರಾಯಿನ್ ಹುಳುವಿನ ಗ್ರಂಥಿಯಲ್ಲಿ ದ್ರವವಾಗಿರುತ್ತದೆ. ದಾರಿಯಲ್ಲಿ ಆಮ್ಲೀಯತೆ ಏರಿ, ಹುಳು ತಲೆಯಾಡಿಸುತ್ತ ಎಳೆದಾಗಲೇ ಅದು ಹಾಳೆಗಟ್ಟುವುದು. ಸರಣಿ ಬದಲಾಗಲಿಲ್ಲ, ಸುತ್ತಲಿನ ಸ್ಥಿತಿ ಬದಲಾಯಿತು. 1972ರಲ್ಲಿ ನೊಬೆಲ್ ಪಡೆದ ಕ್ರಿಶ್ಚಿಯನ್ ಆನ್ಫಿನ್ಸನ್ ಅವರ ಪ್ರಯೋಗವನ್ನೂ ಈ ಕಣ್ಣಿನಿಂದ ಓದು. 124 ಆಮ್ಲಗಳ ರೈಬೋನ್ಯೂಕ್ಲಿಯೇಸ್ ಕಿಣ್ವವನ್ನು ಅವರು ಯೂರಿಯಾ ದ್ರಾವಣದಲ್ಲಿ ಮಡಿಕೆ ಬಿಡಿಸಿ, ಸರಪಳಿಯ ಭಾಗಗಳನ್ನು ಬೆಸೆಯುವ ಅದರ ನಾಲ್ಕು ಗಂಧಕದ ಸೇತುವೆಗಳನ್ನೂ ಮುರಿದರು. ಯೂರಿಯಾ ತೆಗೆದು ಗಾಳಿಗೆ ಒಡ್ಡಿದಾಗ ಕಿಣ್ವ ತಾನಾಗಿ ಮಡಚಿಕೊಂಡು ಕೆಲಸ ಶುರುಮಾಡಿತು. ಯೂರಿಯಾ ಇರುವಾಗಲೇ ಸೇತುವೆ ಕಟ್ಟಿಕೊಳ್ಳಲು ಬಿಟ್ಟರೆ? ನಾಲ್ಕು ಸೇತುವೆಗಳನ್ನು ಜೋಡಿಸಲು 105 ಬಗೆಗಳಿವೆ, ಸರಿಯಾದದ್ದು ಒಂದೇ. ಜೋಡಣೆಗಳು ಕಲಸಿಹೋಗಿ ಕಿಣ್ವ ಹೆಚ್ಚುಕಡಿಮೆ ನಿಷ್ಕ್ರಿಯವಾಯಿತು. ಆದ್ದರಿಂದ ಯಾವ ಸರಣಿ ಕೈಗೆ ಬಂದರೂ, ಅದು ಎಂಥ ಸ್ಥಿತಿಯಲ್ಲಿ ಮಡಚಿಕೊಳ್ಳುತ್ತದೆ ಎಂದು ಕೇಳದೆ ಮುಂದೆ ಹೋಗಬೇಡ. ಕಂಪ್ಯೂಟರಿನ ಚಿತ್ರದಲ್ಲಿ ಯಾವ ಭಾಗವನ್ನು ಎಷ್ಟು ನಂಬಬಹುದು ಎಂಬ ಅಂಕವಿರುತ್ತದೆ, ಅದನ್ನೂ ನೋಡು.

ಈಗ ಒಂದು ಕೆಲಸ ಕೊಡುತ್ತೇನೆ. ಚರ್ಮ, ಮೂಳೆಗಳಿಗೆ ಗಟ್ಟಿತನ ಕೊಡುವ ಕೊಲಾಜೆನ್ ಪ್ರೋಟೀನಿನ ಸರಣಿಯನ್ನು ಕಾಗದದ ಮೇಲೆ ಬರೆದುಕೋ. ಅದು ಮೂರೆಳೆಯ ಹುರಿ ಎಂದು 1954-55ರಲ್ಲಿ ಮದ್ರಾಸಿನಲ್ಲಿ ಕಂಡುಕೊಂಡವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರೇಷ್ಮೆಯಲ್ಲಿ ಎರಡಕ್ಕೊಂದು ಬರುವ ಗ್ಲೈಸೀನ್ ಇಲ್ಲಿ ಮೂರಕ್ಕೊಂದು ಬರುತ್ತದೆ. ನಡುವೆ ಪ್ರೋಲೀನ್ ಎಂಬ ಇನ್ನೊಂದು ಆಮ್ಲ ಎಲ್ಲೆಲ್ಲಿದೆ ಎಂದು ಗುರುತು ಹಾಕು. ಒಂದು ಹಾಳೆಯಾಗಿ ಇನ್ನೊಂದು ಹುರಿಯಾದದ್ದು ಏಕೆ ಎಂದು ನಿನ್ನ ಮಾತಿನಲ್ಲಿ ಬರೆದು ಕಳುಹಿಸು. ಕಂಪ್ಯೂಟರನ್ನು ಆಮೇಲೆ ತೆರೆದರಾಯಿತು.

ನಿನ್ನ ದೊಡ್ಡಪ್ಪ