ತಿಮಿಂಗಿಲದ ಕಥೆಗಾರರು ಮೇಷ್ಟ್ರೂ ಆಗಿದ್ದರು

ಮಾನ್ಯ ಸಂಪಾದಕರೇ,

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನಾಂಗದ ಲೇಖಕ ವಿಟಿ ಇಹಿಮೇರಾ ಅವರನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಅದರ ಬಹುಪಾಲು 1987ರ ‘ದಿ ವೇಲ್ ರೈಡರ್’ (ತಿಮಿಂಗಿಲ ಸವಾರ) ಕಾದಂಬರಿಗೂ ಅದನ್ನು ಆಧರಿಸಿದ ಸಿನಿಮಾಕ್ಕೂ ಮೀಸಲಾಗಿದೆ. 1990ರಿಂದ ಎರಡು ದಶಕ ಅವರು ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಜೊತೆಗೆ ಸೃಜನಶೀಲ ಬರವಣಿಗೆಯನ್ನೂ ಕಲಿಸಿದ್ದು ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಆ ಒಂದು ಸಾಲು ಸಾಲದೆನಿಸಿತು.

1944ರಲ್ಲಿ ಗಿಸ್ಬರ್ನ್‌ನಲ್ಲಿ ಹುಟ್ಟಿದ ಇಹಿಮೇರಾ ಅವರ ‘ಪೌನಮು ಪೌನಮು’ 1972ರಲ್ಲಿ ಬಂದಾಗ, ಮಾವೊರಿ ಲೇಖಕರೊಬ್ಬರ ಕಥಾಸಂಕಲನ ಅಚ್ಚಾದದ್ದು ಅದೇ ಮೊದಲು. ಮರುವರ್ಷ ಬಂದ ‘ಟಂಗಿ’, ಮಾವೊರಿ ಲೇಖಕರಿಂದ ಪ್ರಕಟವಾದ ಮೊದಲ ಕಾದಂಬರಿ. ಟಂಗಿ ಎಂದರೆ ಸತ್ತವರಿಗಾಗಿ ಬಂಧುಬಳಗವೆಲ್ಲ ಕೂಡಿ ಅಳುವ ಆಚರಣೆ. ಕಥೆಗಳನ್ನು ಮೆಚ್ಚಿದ ಅಂದಿನ ಪ್ರಧಾನಿ ನಾರ್ಮನ್ ಕರ್ಕ್, ಇಹಿಮೇರಾ ಅವರನ್ನು ವಿದೇಶಾಂಗ ಇಲಾಖೆಗೆ ಕರೆದುಕೊಂಡರು. ಕಥೆ ಓದಿ ನೌಕರಿ ಕೊಡುವ ಪ್ರಧಾನಿಗಳೂ ಇದ್ದರೆಂಬುದು ನಮಗೆ ಸೋಜಿಗವೇ ಸರಿ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆಮೇಲಿನ ಸಂಗತಿ. ತಾವು ಚಿತ್ರಿಸಿದ ಹಳ್ಳಿಯ ಬದುಕನ್ನೇ ಓದುಗರು ಇಡೀ ಮಾವೊರಿ ಜನಾಂಗದ ಬದುಕೆಂದು ನಂಬಿಬಿಟ್ಟಾರು ಎಂಬ ಅಳುಕಿನಿಂದ, ಹೆಸರು ಬಂದಿದ್ದ ಹೊತ್ತಿನಲ್ಲೇ ಅವರು ಸುಮಾರು ಹತ್ತು ವರ್ಷ ಕಥೆ, ಕಾದಂಬರಿ ಬರೆಯುವುದನ್ನು ನಿಲ್ಲಿಸಿದರು. ಆ ಮೌನದ ನಡುವೆಯೇ, 1982ರಲ್ಲಿ, ಇತರ ಮಾವೊರಿ ಲೇಖಕರ ಬರಹಗಳನ್ನು ಇನ್ನೊಬ್ಬ ಸಂಪಾದಕರೊಡನೆ ಸೇರಿ ಸಂಕಲಿಸಿ ಹೊರತಂದರು. ಅವರ ಮೇಷ್ಟ್ರಗಿರಿ ತರಗತಿಗೆ ಕಾಲಿಡುವ ಮೊದಲೇ ಶುರುವಾಗಿತ್ತು ಎಂದು ನಾನು ತಿಳಿಯುತ್ತೇನೆ. 2009ರ ‘ದಿ ಟ್ರೊವೆನಾ ಸೀ’ ಕಾದಂಬರಿಯಲ್ಲಿ ಬೇರೆಯವರ ಬರಹದ ತುಣುಕುಗಳು ಮೂಲದ ಉಲ್ಲೇಖವಿಲ್ಲದೆ ಸೇರಿಕೊಂಡದ್ದು ಬಯಲಾಗಿ, ಅವರು ಕ್ಷಮೆ ಕೇಳಿದ್ದೂ ಉಂಟು. ಬರವಣಿಗೆ ಕಲಿಸುವವರಿಗೆ ಇದು ಸಣ್ಣ ಕಳಂಕವಲ್ಲ. ಲೇಖನದಲ್ಲಿ ಅದೂ ಇರಬೇಕಿತ್ತು.

ಇಷ್ಟು ಹೇಳಲು ನನಗೊಂದು ಸ್ವಂತದ ಕಾರಣವಿದೆ. ಹಲವು ವರ್ಷಗಳ ಹಿಂದೆ, ನ್ಯಾಮತಿ ಕಡೆಯ ತಾಂಡಾವೊಂದರಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನ ವಾರ್ಷಿಕ ಸಂಚಿಕೆಗೆ ಕಥೆ ಕೊಟ್ಟಿದ್ದಳು. ಕಬ್ಬು ಕಡಿಯಲು ಗುಳೆ ಹೋದ ತಾಯಿಯ ದಾರಿ ಕಾಯುವ ಹುಡುಗಿಯ ಕಥೆ ಅದು. ಹುಡುಗಿ ತಾಯಿಯನ್ನು ಲಂಬಾಣಿ ಮಾತಿನಲ್ಲಿ ‘ಯಾಡಿ’ ಎಂದು ಕೂಗಿದ ಕಡೆಯಲ್ಲೆಲ್ಲ ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ಅವ್ವ’ ಎಂದು ತಿದ್ದಿದೆ. ಕಥೆ ಅಚ್ಚಾಯಿತು. ಆಕೆ ಮತ್ತೆ ಕಥೆ ತರಲಿಲ್ಲ, ನಾನೂ ಕೇಳಲಿಲ್ಲ.

ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಭಾಗದ ಹಟ್ಟಿ, ತಾಂಡಾಗಳಿಂದ ಇಂದಿಗೂ ಅಂಥ ಮಕ್ಕಳು ನಮ್ಮ ಕಾಲೇಜುಗಳಿಗೆ ಬರುತ್ತಿದ್ದಾರೆ. ಕಥೆ ಬರೆಯುವುದಕ್ಕೆಂದೇ ವಾರಕ್ಕೊಂದು ಪಿರಿಯಡ್ ಇಟ್ಟು, ಆ ಸಮುದಾಯಗಳಿಂದಲೇ ಬಂದ ಬರಹಗಾರರನ್ನು ಅತಿಥಿ ಉಪನ್ಯಾಸಕರಾಗಿ ಕರೆಸುವ ಬಗ್ಗೆ ದಾವಣಗೆರೆ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಮಂಡಳಿ ಯೋಚಿಸಬೇಕೆಂದು ಕೋರುತ್ತೇನೆ. ತಾವೂ ಮುಂದಿನ ಪುರವಣಿಯೊಂದರಲ್ಲಿ ಇಹಿಮೇರಾ ಅವರ ಬೋಧನೆಯ ವರ್ಷಗಳ ಬಗ್ಗೆ ಬರೆಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ಓದುಗ,
ನಿವೃತ್ತ ಕನ್ನಡ ಉಪನ್ಯಾಸಕ, ದಾವಣಗೆರೆ