ದೇವರಿಗೆ ಸೈನ್ಸ್ ಸರ್ಟಿಫಿಕೇಟ್ ಯಾಕೋ ಪುಟ್ಟ

ಪ್ರೀತಿಯ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ದೇವರು ಇದಾನಾ ಇಲ್ವಾ ಅಂತ ನೀನೂ ನಿನ್ನ ಫ್ರೆಂಡೂ ರಾತ್ರಿ ಎರಡು ಗಂಟೆವರೆಗೂ ವಾದ ಮಾಡಿದ್ದನ್ನ ಕಳಿಸಿದ್ಯಲ್ಲ, ಎರಡು ಸಲ ಓದಿದೆ. ನಾನು ದೇವರನ್ನ ನಂಬೋನು ಅಂತ ನಿಂಗೊತ್ತು, ದೊಡ್ಡಪ್ಪ ಬೆನ್ನು ತಟ್ತಾರೆ ಅಂದ್ಕೊಂಡೇ ಕಳಿಸಿರ್ತೀಯ. ಆದ್ರೆ ಓದ್ತಾ ಓದ್ತಾ ನಂಗೆ ಸಂಕಟ ಆಯ್ತು. ಸೈನ್ಸೇ ದೇವರನ್ನ ಪ್ರೂವ್ ಮಾಡಿದೆ ಅಂದುಬಿಟ್ಟು ಗಾಡ್ ಪಾರ್ಟಿಕಲ್, ಐನ್‌ಸ್ಟೈನ್, ಬಿಗ್ ಬ್ಯಾಂಗ್ ಮೂರನ್ನೂ ಸಾಕ್ಷಿಗೆ ಎಳ್ಕೊಂಡು ಬಂದಿದೀಯ, ಮೂರೂ ನಿಲ್ಲಲ್ಲ ಕಣೋ.

ಗಾಡ್ ಪಾರ್ಟಿಕಲ್ ಬರೀ ಅಡ್ಡಹೆಸರು. ಅದು ಹಿಗ್ಸ್ ಬೋಸಾನ್, 2012ರಲ್ಲಿ ಸರ್ನ್ ಲ್ಯಾಬ್‌ನಲ್ಲಿ ಸಿಕ್ತು, ಎಲೆಕ್ಟ್ರಾನ್ ತರದ ಮೂಲಕಣಗಳಿಗೆ ಮಾಸ್ ಅಂದ್ರೆ ದ್ರವ್ಯರಾಶಿ ಹೇಗೆ ಬರುತ್ತೆ ಅನ್ನೋ ವಿಚಾರ. ಹೆಸರು ಬಿಟ್ರೆ ದೇವರಿಗೂ ಅದಕ್ಕೂ ಸಂಬಂಧಾನೇ ಇಲ್ಲ. ಐನ್‌ಸ್ಟೈನ್ 1929ರಲ್ಲಿ ತಾನು ನಂಬೋದು ತತ್ವಜ್ಞಾನಿ ಸ್ಪಿನೋಜಾನ ದೇವರನ್ನ, ಅಂದ್ರೆ ಪ್ರಕೃತಿಯ ನಿಯಮಬದ್ಧ ಸಾಮರಸ್ಯದಲ್ಲಿ ಕಾಣೋ ದೇವರನ್ನ ಅಂದಿದ್ದು ನಿಜ, ಆದ್ರೆ ಮನುಷ್ಯರ ಹಣೆಬರಹ, ನಡತೆ ಬಗ್ಗೆ ತಲೆಕೆಡಿಸ್ಕೊಳ್ಳೋ ದೇವರನ್ನಲ್ಲ ಅಂತ ಅದೇ ಉತ್ತರದಲ್ಲಿ ಸೇರಿಸಿದ್ರು. ನೀನು ಪರೀಕ್ಷೆ ಹಿಂದಿನ ದಿನ ಕೈ ಮುಗಿಯೋ ದೇವರು ಅದಲ್ಲ.

ಬಿಗ್ ಬ್ಯಾಂಗ್, ಅಂದ್ರೆ ವಿಶ್ವ ತುಂಬಾ ಬಿಸಿಯಾದ, ದಟ್ಟವಾದ ಸ್ಥಿತಿಯಿಂದ ಹಿಗ್ತಾ ಬಂತು ಅನ್ನೋ ವಿಚಾರ ಮಾತ್ರ ಸ್ವಲ್ಪ ನಿಧಾನವಾಗಿ ಕೇಳು. ವಿಶ್ವ ಹಿಗ್ತಾ ಇದೆ ಅಂತ 1927ರಲ್ಲೇ ಲೆಕ್ಕ ಹಾಕಿ ಬರೆದ ಜಾರ್ಜ್ ಲೆಮೆತ್ರ್ ಒಬ್ಬ ಪಾದ್ರಿ. ಬೆಲ್ಜಿಯಂನವರು, ಕ್ಯಾಥೊಲಿಕ್, ಜೊತೆಗೆ ಒಳ್ಳೆ ಭೌತವಿಜ್ಞಾನಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಇದನ್ನೇ ಹಿಡ್ಕೊಂಡು ಸೃಷ್ಟಿಗೆ ವಿಜ್ಞಾನವೇ ಸಾಕ್ಷಿ ಹೇಳ್ತಿದೆ ಅನ್ನೋ ಅರ್ಥದಲ್ಲಿ ಭಾಷಣ ಮಾಡಿದ್ರು. ಪಾದ್ರಿಗೆ ಇದಕ್ಕಿಂತ ಖುಷಿ ಏನಿರುತ್ತೆ ಹೇಳು, ಆದ್ರೆ ಲೆಮೆತ್ರ್‌ಗೆ ಅದು ಸರಿಕಾಣಲಿಲ್ಲ. ತನ್ನ ಥಿಯರಿ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗಡೆ ಇದೆ, ಅದನ್ನ ಒಪ್ಪಿದ್ಮೇಲೂ ನಾಸ್ತಿಕನಿಗೆ ದೇವರನ್ನ ಒಪ್ಪದೇ ಇರೋ ಸ್ವಾತಂತ್ರ್ಯ ಇದೆ ಅನ್ನೋದು ಅವರ ನಿಲುವು. 1964ರಲ್ಲಿ ಪೆನ್ಜಿಯಾಸ್, ವಿಲ್ಸನ್ ಅನ್ನೋ ಇಬ್ರು ವಿಜ್ಞಾನಿಗಳಿಗೆ ತಮ್ಮ ರೇಡಿಯೋ ಆಂಟೆನಾದಲ್ಲಿ ಸಣ್ಣ ಗುಯ್‌ಗುಡೋ ಸದ್ದು, ಯಾವ ಕಡೆ ತಿರುಗಿಸಿದ್ರೂ ಹೋಗ್ತಿರಲಿಲ್ಲ. ಒಳಗೆ ಗೂಡು ಕಟ್ಟಿದ್ದ ಪಾರಿವಾಳ ಓಡಿಸಿ, ಹಿಕ್ಕೆ ಎಲ್ಲ ಕೆರೆದು ತೊಳೆದ್ರು, ಆದ್ರೂ ಸದ್ದು ಹಾಗೇ ಇತ್ತು. ಅದು ಸುಮಾರು 1380 ಕೋಟಿ ವರ್ಷ ಹಿಂದಿನ ಆರಂಭದ ಬಿಸಿಯಿಂದ ಉಳಿದ ವಿಕಿರಣ. ಮೊದಲು ತಮ್ಮ ಆಂಟೆನಾ ಮೇಲೇ ಅನುಮಾನ ಪಟ್ರಲ್ಲ, ಆ ಗುಣ ನೋಡು. ಲೆಮೆತ್ರ್ 1966ರಲ್ಲಿ ತೀರ್ಕೊಳ್ಳೋ ಸ್ವಲ್ಪ ಮುಂಚೆ ಈ ಸುದ್ದಿ ಕೇಳಿದ್ರು, ಆಗಲೂ ಅವರು ನೋಡಿ ದೇವರು ಸಿಕ್ಕ ಅನ್ನಲಿಲ್ಲ.

ಇದನ್ನೆಲ್ಲ ಯಾಕೆ ಇಷ್ಟು ಹಚ್ಕೊಂಡು ಬರೀತೀನಿ ಅಂದ್ರೆ ನಾನೂ ನಿನ್ನ ವಯಸ್ಸಲ್ಲಿ ಇದೇ ತಪ್ಪು ಮಾಡಿದೀನಿ. ಕಾಲೇಜಲ್ಲಿ ಒಬ್ಬನ ಜೊತೆ ವಾದಕ್ಕೆ ಬಿದ್ದು, ಕಣ್ಣಿನಂಥ ಸೂಕ್ಷ್ಮ ಅಂಗ ತಾನಾಗೇ ಆಗೋಕೆ ಸಾಧ್ಯಾನೇ ಇಲ್ಲ, ಇದಕ್ಕಿಂತ ದೇವರಿಗೆ ಪ್ರೂಫ್ ಬೇಕಾ ಅಂದೆ. ಅವನು ಮಾತಾಡ್ಲಿಲ್ಲ, ಮಾರನೇ ದಿನ ಲೈಬ್ರರಿಯಿಂದ ಒಂದು ಪ್ರಾಣಿಶಾಸ್ತ್ರದ ಪುಸ್ತಕ ತಂದು ಚಿತ್ರ ತೋರಿಸಿದ. ಚಪ್ಪಟೆ ಹುಳದಲ್ಲಿ ಬೆಳಕು ಗುರುತಿಸೋ ಸಣ್ಣ ಗುಳಿ, ನಾಟಿಲಸ್ ಅನ್ನೋ ಸಮುದ್ರಜೀವಿಯಲ್ಲಿ ಲೆನ್ಸೇ ಇಲ್ಲದೆ ಬರೀ ಸೂಜಿ ತೂತಿನಂಥ ಕಣ್ಣು, ಒಂದೊಂದು ಮೆಟ್ಟಿಲೂ ಇವತ್ತಿಗೂ ಯಾವುದೋ ಒಂದು ಜೀವಿಯಲ್ಲಿ ಕೆಲಸ ಮಾಡ್ತಾ ಇದೆ. ನಾನು ಸೋತಿದ್ದು ದೊಡ್ಡದಲ್ಲ ಪುಟ್ಟ, ಆಮೇಲೆ ಎಷ್ಟೋ ತಿಂಗಳು ಪ್ರಾರ್ಥನೆಗೆ ಕೂತ್ರೆ ಆ ಚಿತ್ರಾನೇ ಕಣ್ಮುಂದೆ ಬರೋದು, ಎದ್ದುಬಿಡ್ತಿದ್ದೆ. ನನ್ನ ನಂಬಿಕೆನೆಲ್ಲ ಆ ಒಂದೇ ಮೊಳೆಗೆ ನೇತುಹಾಕಿದ್ದೆ, ಮೊಳೆ ಕಿತ್ಕೊಂಡು ಬಂತು. ನಿಂಗೆ ಹಾಗಾಗಬಾರದು.

ಇನ್ನು ನಿನ್ನ ಫ್ರೆಂಡ್ ಪ್ರಾರ್ಥನೆಯ ಸ್ಟಡಿ ಬಗ್ಗೆ ಹೇಳಿದ್ದಕ್ಕೆ ನೀನು ಸಿಟ್ಟಾಗಿದೀಯ, ಆದ್ರೆ ಅವನು ಹೇಳಿದ್ದು ಸರಿ. 2006ರಲ್ಲಿ ಅಮೆರಿಕದಲ್ಲಿ ಬೈಪಾಸ್ ಸರ್ಜರಿ ಆದ 1802 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟ ಆಯ್ತು, ಬೇರೆಯವರ ಪ್ರಾರ್ಥನೆಯಿಂದ ತೊಂದರೆಗಳು ಕಮ್ಮಿ ಆಗಲಿಲ್ಲ. ಅಳೆಯೋಕೆ ಆಗೋ ಮಾತು ಹೇಳಿದ್ರೆ ಅಳೀತಾರೆ, ಬಂದ ಉತ್ತರ ಒಪ್ಕೋಬೇಕು. ಆದ್ರೆ ಅದರಿಂದ ದೇವರೇ ಇಲ್ಲ ಅಂತ ಅವನು ಹಾರಿದ್ನಲ್ಲ, ಅದು ಆ ಸ್ಟಡಿ ಹೇಳಿದ್ದಲ್ಲ. ಏನೂ ಇಲ್ಲದಿರೋ ಬದಲು ಈ ಜಗತ್ತು ಯಾಕಿದೆ, ಈ ನಿಯಮಗಳೇ ಯಾಕಿವೆ ಅನ್ನೋದನ್ನ ಅಳೆಯೋ ಆಂಟೆನಾ ಯಾರ ಹತ್ರನೂ ಇಲ್ಲ. ಅದು ತರ್ಕದ, ತತ್ವಶಾಸ್ತ್ರದ ಜಾಗ, ಅಲ್ಲಿ ವಾದ ಮಾಡು ಬೇಕಾದ್ರೆ. ನಮ್ಮ ದರ್ಶನಗಳಲ್ಲೇ ನೈಯಾಯಿಕರು, ಅಂದ್ರೆ ನ್ಯಾಯದರ್ಶನದ ತರ್ಕಶಾಸ್ತ್ರಿಗಳು, ಈಶ್ವರ ಇದಾನೆ ಅಂತ ವಾದ ಕಟ್ಟಿದ್ರೆ, ವೇದ ಒಪ್ಪೋ ಮೀಮಾಂಸಕರೇ ಸೃಷ್ಟಿಕರ್ತ ಬೇಕಾಗಿಲ್ಲ ಅಂದ್ರು, ಒಬ್ಬರ ಮಾತನ್ನ ಒಬ್ಬರು ಪೂರ್ತಿ ಹೇಳಿ ಆಮೇಲೆ ಖಂಡಿಸೋರು. ಪೂರ್ವಪಕ್ಷ ಅಂತಾರೆ ಅದನ್ನ.

ನಾಳೆ ಅವನಿಗೆ ಫೋನ್ ಮಾಡು. ಗಾಡ್ ಪಾರ್ಟಿಕಲ್ ಬಗ್ಗೆ ನೀನು ಹೇಳಿದ್ದು ತಪ್ಪಾಗಿತ್ತು ಅಂತ ಮೊದಲು ಒಪ್ಕೋ, ಆಮೇಲೆ ಅವನ ಕಡೆ ವಾದಾನ ಅವನು ಹೂಂ ಅನ್ನೋ ಹಾಗೆ ನೀನೇ ಒಂದು ಸಲ ಹೇಳೋಕೆ ಟ್ರೈ ಮಾಡು. ಅವನು ಏನಂದ ಅಂತ ನಂಗೆ ಬರಿ, ಕಾಯ್ತಿರ್ತೀನಿ.

ನಿನ್ನ
ದೊಡ್ಡಪ್ಪ